ಕುಳ್ಳರಿಗೊಂದು ಸೈಕಲ್ಲು

ಈ ಲೋಕದ ಬಹುಪಾಲು ವಸ್ತುಗಳನ್ನು ಎತ್ತರದವರು ತಮಗಾಗಿಯೇ ಮಾಡಿಕೊಂಡಿದ್ದಾರೆಂದು ನನಗೆ ಹಲವು ಸಲ ಅನಿಸಿದೆ. ಬಸ್ಸಿನ ಹಿಡಿಗಂಬಿಯಾಗಲಿ, ಗ್ರಂಥಾಲಯದ ಮೇಲಿನ ಅರೆಯಾಗಲಿ, ನಾಲ್ಕು ಅಡಿ ಹತ್ತು ಅಂಗುಲದ ನನ್ನಂಥವರನ್ನು ತುದಿಗಾಲಿನ ಮೇಲೆ ನಿಲ್ಲಿಸದೆ ಬಿಡುವುದಿಲ್ಲ. ಅದನ್ನೂ ಸಹಿಸಬಹುದು. ಆದರೆ ಸೈಕಲ್ಲಿನ ಮುಂದೆ ತುದಿಗಾಲಿನ ಉಪಾಯ ನಡೆಯದು. ಅಲ್ಲಿ ಕಾಲು ನೆಲಕ್ಕೆ ಎಟುಕದಿದ್ದರೆ ಬೀಳುವುದೊಂದೇ ದಾರಿ!

ನಮ್ಮ ಬಂಕಾಪುರ ಅಮೋಘವರ್ಷನ ದಂಡನಾಯಕ ಬಂಕೆಯನ ಹೆಸರು ಹೊತ್ತ ಊರು. ಕೋಟೆ, ಕಂದಕ, ನವಿಲುಗಳು ಇವೆಲ್ಲ ನೋಡಬಂದವರಿಗೆ ಚೆಂದ. ನಮಗೋ ಊರಾಚೆಯ ಬಂಡಿದಾರಿಯದೇ ಚಿಂತೆ. ಬೇಸಿಗೆಯಲ್ಲಿ ಗಾಲಿಯ ಜಾಡುಗಳು ಕಲ್ಲಿನಂತೆ ಗಟ್ಟಿಯಾಗುತ್ತವೆ. ಮಳೆಗಾಲದಲ್ಲಿ ಎರೆಮಣ್ಣು ಮಡ್‌ಗಾರ್ಡಿಗೆ ಮೆತ್ತಿ ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಅದೇ ದಾರಿಯಲ್ಲಿ ನಾನು ಹೊಲಕ್ಕೆ ಬುತ್ತಿ ಮುಟ್ಟಿಸಿ, ಮರಳಿ ಬಂದು ಕಾಲೇಜಿನ ಬಸ್ಸು ಹಿಡಿಯಬೇಕು. ಸೈಕಲ್ಲಿಲ್ಲದಿದ್ದರೆ ಅಣ್ಣನ ಮೋಟಾರ್ ಸೈಕಲ್ಲಿಗೆ ಕಾಯಬೇಕು. ಅಣ್ಣನ ಬಿಡುವಿಗೂ ನನ್ನ ಮೊದಲನೆಯ ತರಗತಿಗೂ ಎಂದೂ ಹೊಂದಿದ್ದಿಲ್ಲ. ಆದುದರಿಂದ ದಪ್ಪ ಟಾಯರಿನ ಗುಡ್ಡದ ಸೈಕಲ್ಲೇ ಬೇಕೆಂದು ಹಟ ಹಿಡಿದೆ.

ಈ ಜಾತಿಯ ಸೈಕಲ್ಲು ಹುಟ್ಟಿದ್ದು ಅಮೇರಿಕೆಯ ಕ್ಯಾಲಿಫೋರ್ನಿಯದಲ್ಲಿ. 1970ರ ದಶಕದಲ್ಲಿ ಅಲ್ಲಿಯ ತರುಣರು ಹಳೆಯ ದಪ್ಪ ಟಾಯರಿನ ಸೈಕಲ್ಲುಗಳನ್ನು ಗುಡ್ಡದಿಂದ ಇಳಿಸಿ ಆಡುತ್ತಿದ್ದರು. 1977ರಲ್ಲಿ ಜೋ ಬ್ರೀಜ್ ಎಂಬವರು ಅದಕ್ಕೆಂದೇ ಹೊಸ ಚೌಕಟ್ಟು ಕಟ್ಟಿದರು. 1985ರಲ್ಲಿ ಜಾರ್ಜೀನಾ ಟೆರ್ರಿ ಎಂಬ ಮಹಿಳೆ ಹೆಂಗಸರಿಗಾಗಿ ಸೈಕಲ್ಲಿನ ಸಂಸ್ಥೆಯನ್ನೇ ತೆರೆದರು. ಅವರ ಸೈಕಲ್ಲುಗಳು ಡಾಂಬರು ರಸ್ತೆಯವು. ಗಿಡ್ಡ ಚೌಕಟ್ಟಿಗೆ ಹೊಂದಲೆಂದು ಮುಂದಿನ ಗಾಲಿಯನ್ನು ಹಿಂದಿನದಕ್ಕಿಂತ ಚಿಕ್ಕದಾಗಿ ಮಾಡಿದರು. ಸವಾರನಿಗೆ ತಕ್ಕಂತೆ ಯಂತ್ರವನ್ನು ತಿದ್ದಬಹುದೆಂಬ ಆ ಮಾತು ನನಗೆ ಬಹಳ ಧೈರ್ಯ ಕೊಟ್ಟಿತು.

ಹುಬ್ಬಳ್ಳಿಯ ಅಂಗಡಿಯಾತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ತಂಗೀ, ಸೀಟ್ ಕೆಳಗ ಇಳಸಿ ಕೊಡ್ತೇನಿ, ಸರಿ ಹೋಗ್ತದ” ಎಂದ.

“ಸೀಟ್ ಇಳಸಿದ್ರ ಹ್ಯಾಂಡಲ್ ಹತ್ರ ಬರ್ತದೇನಣ್ಣಾ?” ಎಂದೆ. ಆತ ನಕ್ಕು ಮಕ್ಕಳ ಸೈಕಲ್ಲಿನತ್ತ ಬೆರಳು ತೋರಿದ.

ಮಕ್ಕಳ ಸೈಕಲ್ಲು ಹಗುರ ಕೆಲಸಕ್ಕಾದೀತು, ಬುತ್ತಿಯ ಗಂಟು ಕಟ್ಟಿಕೊಂಡು ಜಾಡಿನಲ್ಲಿ ಹೋಗುವವರಿಗೆ ಆಗದು. ನಾನು ಮನೆಯಲ್ಲೇ ಅಳತೆ ಮಾಡಿಕೊಂಡು ಹೋಗಿದ್ದೆ. ಬರಿಗಾಲಲ್ಲಿ ಗೋಡೆಗೆ ಆತು ನಿಂತು, ಕಾಲುಗಳ ನಡುವೆ ಮೇಲಿನತನಕ ಪುಸ್ತಕವೊಂದನ್ನು ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಟೇಪು ಹಿಡಿದರೆ ಒಳಗಾಲಿನ ಉದ್ದ ಸಿಗುತ್ತದೆ. ನನ್ನದು 68 ಸೆಂಟಿಮೀಟರು. ಒರಟು ದಾರಿಯಲ್ಲಿ ಇಳಿದು ನಿಂತಾಗ ಮೇಲಿನ ನಳಿಗೆ ಇದಕ್ಕಿಂತ ಐದಾರು ಸೆಂಟಿಮೀಟರಾದರೂ ಕೆಳಗಿರಬೇಕು. ಎರಡನೆಯದು, ಸೀಟಿನಿಂದ ಹ್ಯಾಂಡಲ್ಲಿಗಿರುವ ದೂರ. ಅದು ಹೆಚ್ಚಾದರೆ ಬೆನ್ನೂ ಭುಜವೂ ನೋಯುತ್ತವೆ. ಮೂರನೆಯದು ಬ್ರೇಕು. ಚಿಕ್ಕ ಕೈಯ ಬೆರಳು ತಲುಪದ ಬ್ರೇಕು ಇದ್ದೂ ಇಲ್ಲದಂತೆ. ಮುಂದಿನ ಗಾಲಿಗೆ ಸ್ಪ್ರಿಂಗಿನ ಕವೆ ಹಾಕಿದ್ದನ್ನು ಕಂಡು ಮರುಳಾಗಬಾರದು. ಹೆಚ್ಚು ತೂಕದವರಿಗೆಂದು ಕೂಡಿಸಿದ ಗಟ್ಟಿ ಸ್ಪ್ರಿಂಗು ನಮ್ಮಂಥ ಹಗುರದವರ ಕೆಳಗೆ ಕುಗ್ಗುವುದೇ ಇಲ್ಲ; ಸುಮ್ಮನೆ ಭಾರ ಹೊತ್ತಂತಾಗುತ್ತದೆ.

ಮೂರನೆಯ ಅಂಗಡಿಯ ಮೂಲೆಯಲ್ಲಿ ಧೂಳು ತಿನ್ನುತ್ತ ಒಂದು ನಿಂತಿತ್ತು. ಚೌಕಟ್ಟು 14 ಅಂಗುಲ, ಗಾಲಿ 26 ಅಂಗುಲ, ಮೇಲಿನ ನಳಿಗೆ ಸೀಟಿನತ್ತ ಇಳಿಜಾರು, ಸ್ಪ್ರಿಂಗಿಲ್ಲ. ಅಂಗಡಿಯವರಿಗೆ ಅದು ಮಾರಾಟವಾಗದ ಸರಕು, ನನಗೆ ನಿಧಿ. ಊರಿಗೆ ತಂದ ಮೇಲೆ ನಮ್ಮ ಓಣಿಯ ಮಿಸ್ತ್ರಿ ಕಾಕಾ ಹ್ಯಾಂಡಲ್ಲಿನ ಕುತ್ತಿಗೆ ತೆಗೆದು ಗಿಡ್ಡದೊಂದನ್ನು ಹಾಕಿದರು. ಬ್ರೇಕಿನ ಹಿಡಿಯಲ್ಲಿರುವ ಪುಟ್ಟ ತಿರುಪನ್ನು ತಿರುವಿ ಹಿಡಿಯನ್ನು ಬೆರಳ ಬಳಿಗೆ ತಂದರು. ಟಾಯರಿನ ಗಾಳಿ ತುಸು ಇಳಿಸಿದರು, ಹಗುರದವರಿಗೆ ಅಷ್ಟೇ ಸಾಕೆಂದು. ಅರ್ಧ ತಾಸಿನ ಕೆಲಸ.

2006-07ರಲ್ಲಿ ಸರಕಾರ ಎಂಟನೆಯ ತರಗತಿಯವರಿಗೆ ಸೈಕಲ್ಲು ಕೊಡಲಾರಂಭಿಸಿದ ಮೇಲೆ ಹಳ್ಳಿಯ ಎಷ್ಟೋ ಹುಡುಗಿಯರು ಶಾಲೆಯ ದಾರಿಯನ್ನು ತಾವೇ ಸವೆಸಿದರು. ಹೆಣ್ಣಿಗೆ ಸೈಕಲ್ಲು ಸಲ್ಲದೆಂಬ ಮಾತು ಈಗ ಹಳತಾಯಿತು. ಉಳಿದಿರುವುದು “ನಿನಗ ಎಟುಕೂದಿಲ್ಲ” ಎಂಬ ಮಾತು. ಇದನ್ನು ಕೇಳಿದ ಹುಡುಗಿ ತನ್ನ ಕಾಲೇ ಗಿಡ್ಡವೆಂದು ನಾಚಿ ಮನೆಗೆ ಮರಳುತ್ತಾಳೆ. ಅಂಗಿ ಬಿಗಿಯಾದರೆ ನಾವು ದರ್ಜಿಯನ್ನು ಕೇಳುತ್ತೇವೆ, ಮೈಯನ್ನು ಬೈಯುವುದಿಲ್ಲ. ಸೈಕಲ್ಲಿಗೂ ಅದೇ ನ್ಯಾಯ. ಸಹಪಾಠಿ ಸೋದರಿಯರೇ, ಅಂಗಡಿಗೆ ಹೋಗುವ ಮುನ್ನ ಒಂದು ಪುಸ್ತಕ, ಒಂದು ಟೇಪು ಹುಡುಕಿಟ್ಟುಕೊಳ್ಳಿರಿ. ನಿಮ್ಮ ಅಳತೆ ನಿಮಗೆ ಗೊತ್ತಿದ್ದರೆ ಅಂಗಡಿಯಾತನ ನಗೆಗೆ ನೀವು ಅಂಜಬೇಕಾಗಿಲ್ಲ.