ಪಾಯಿಂಟ್ ಯಾರದು, ಪುಕ್ಕಟೆ ಯಾರದು?



ಇದನ್ನ ಬರೀಬೇಕೋ ಬ್ಯಾಡ್ವೋ ಅಂತ ಒಂದು ವಾರ ಯೋಚನೆ ಮಾಡ್ದೆ. ಕೆಲಸದ ಪ್ರಶ್ನೆ. ಆದ್ರೂ ಬರೀತಿದೀನಿ. ಆಫೀಸಿನ ಹೆಸರು ಹೇಳಲ್ಲ, ಯಾರೂ ಕೇಳಬೇಡಿ.

ನಾನು ದಾವಣಗೆರೆಯ ಒಂದು ಖಾಸಗಿ ಆಫೀಸಿನಲ್ಲಿ ಹದಿನೇಳು ವರ್ಷದಿಂದ ಗುಮಾಸ್ತೆ. ಬಿಲ್ಲು, ವೋಚರು, ಬ್ಯಾಂಕಿನ ಕೆಲಸದ ಜೊತೆಗೆ ಸಾಹುಕಾರರ ವಿಮಾನದ ಟಿಕೆಟ್ ಬುಕ್ ಮಾಡೋದೂ ನಂದೇ. ನಾನು ಇವತ್ತಿನವರೆಗೆ ವಿಮಾನ ಹತ್ತಿಲ್ಲ. ನಮ್ಮೂರಲ್ಲಿ ವಿಮಾನ ನಿಲ್ದಾಣವೂ ಇಲ್ಲ. ಹತ್ತಿರ ಅಂದ್ರೆ 2023ರಲ್ಲಿ ಶುರುವಾದ ಶಿವಮೊಗ್ಗದ್ದು, ಇಲ್ಲಾಂದ್ರೆ ಹುಬ್ಬಳ್ಳಿ. ಆದ್ರೆ ಯಾವ ವಿಮಾನದ ಬಿಸಿನೆಸ್ ಕ್ಲಾಸ್ ಸೀಟು ಹಾಸಿಗೆ ಥರ ಚಪ್ಪಟೆ ಆಗುತ್ತೆ, ಯಾವುದು ಆಗಲ್ಲ ಅನ್ನೋದು ನನಗೆ ಬಾಯಿಪಾಠ.

ಈ ಪಾಯಿಂಟಿನ ವಿದ್ಯೆ ಹಿಂಗೆ. ಆಫೀಸಿನ ಕರೆಂಟ್ ಬಿಲ್ಲು, ಇನ್ಶೂರೆನ್ಸು, ಸರಕು, ಎಲ್ಲಾ ಸಾಹುಕಾರರ ಸ್ವಂತ ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟೋದು. ಆಮೇಲೆ ಆಫೀಸಿನಿಂದ ಆ ದುಡ್ಡು ಅವರಿಗೆ ವಾಪಸ್. ದುಡ್ಡು ಆಫೀಸಿಂದು, ಪಾಯಿಂಟ್ ಅವರದು. ಸಾಕಷ್ಟು ಕೂಡಿದ ಮೇಲೆ ವಿಮಾನ ಕಂಪನಿಯ ಖಾತೆಗೆ ವರ್ಗಾಯಿಸಬೇಕು. ಒಂದ್ಸಲ ಕಳಿಸಿದ್ರೆ ಸಾಮಾನ್ಯವಾಗಿ ವಾಪಸ್ ಬರಲ್ಲ, ಅದಕ್ಕೇ ಸೀಟು ಇದೆಯಾ ಅಂತ ಮೊದಲೇ ನೋಡ್ಕೋಬೇಕು. ಪಾಯಿಂಟಿಗೆ ಬಿಡೋ ಸೀಟು ಕಡಿಮೆ, ತಿಂಗಳುಗಟ್ಟಲೆ ಮುಂಚೆ ಕಾಯ್ಬೇಕು. ತೆರಿಗೆ ಮಾತ್ರ ಕೈಯಿಂದ. ಇಕಾನಮಿ ಟಿಕೆಟಿಗೆ ಪಾಯಿಂಟ್ ಸುರಿಯೋದು ನಷ್ಟ ಅಂತಾರೆ ಬಲ್ಲವರು. ಬಿಸಿನೆಸ್ ಕ್ಲಾಸಿನ ದರ ಅಷ್ಟು ದುಬಾರಿ ಇರೋದ್ರಿಂದ ಲಾಭ ಇರೋದೇ ಅಲ್ಲಿ.

ಹರಿಹರದಲ್ಲಿರೋ ನನ್ನ ತಂಗಿ ಮಗ ವಿದೇಶದಲ್ಲಿ ಎಂಎಸ್ಸಿ ಓದೋಕೆ ಕೇಂದ್ರ ಸರ್ಕಾರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್‌ಗೆ ಆಯ್ಕೆಯಾದ. ಆವತ್ತು ಆಫೀಸಿನಲ್ಲಿ ಪೇಡಾ ಹಂಚಿದೆ. ಸಾಹುಕಾರರು ಒಂದು ಬಾಯಿಗೆ ಹಾಕ್ಕೊಂಡು, "ಒಳ್ಳೇದಾಯ್ತು ಕಣಮ್ಮ. ನಿಮ್ಮೋರಿಗೇನು ಬಿಡು, ಎಲ್ಲಾ ಪುಕ್ಕಟೆ. ನಮ್ಮ ಹುಡುಗ್ರು ಮಾರ್ಕ್ಸ್ ತಗೊಂಡ್ರೂ ಕೈಯಿಂದ ಕೊಟ್ಟು ಹೋಗ್ಬೇಕು" ಅಂದ್ರು.

ಅವರು ಕೆಟ್ಟೋರಲ್ಲ. ನಮ್ಮವ್ವನ ಆಪರೇಷನ್‌ಗೆ ಕೇಳಿದ ತಕ್ಷಣ ಅಡ್ವಾನ್ಸ್ ಕೊಟ್ಟೋರು. ಆದ್ರೆ ಅದೇ ಹೊತ್ತಲ್ಲಿ ನನ್ನ ಕಂಪ್ಯೂಟರಿನಲ್ಲಿ ಅವರದೂ ಅವರ ಮನೆಯವರದೂ ಬೆಂಗಳೂರು–ಲಂಡನ್ ಟಿಕೆಟ್ ತೆರೆದಿತ್ತು. ಬಿಸಿನೆಸ್ ಕ್ಲಾಸ್, ಎರಡು ಸೀಟು. ದುಡ್ಡಿಗೆ ತಗೊಂಡ್ರೆ ಲಕ್ಷಗಳ ಲೆಕ್ಕ. ಅವರು ಕಟ್ಟೋದು ತೆರಿಗೆ ಮಾತ್ರ.

ನಾನೇನಂದೆ ಗೊತ್ತಾ? "ಸರ್, ಪ್ರಿಂಟ್ ತಗೀಲಾ?" ಅಂದೆ.

ಇಪ್ಪತ್ತು ವರ್ಷ ಸಂಘಟನೆಯಲ್ಲಿ ಮೈಕ್ ಹಿಡಿದೋಳು ಆವತ್ತು ಬಾಯಿ ಬಿಡಲಿಲ್ಲ. ರಾತ್ರಿ ನಿದ್ದೆ ಬರಲಿಲ್ಲ.

ಪುಕ್ಕಟೆ ಅನ್ನೋದರ ಲೆಕ್ಕ ನೋಡೋಣ. ಕ್ರೆಡಿಟ್ ಕಾರ್ಡ್ ಉಜ್ಜಿದಾಗೆಲ್ಲ ಅಂಗಡಿಯವನು ನೂರಕ್ಕೆ ಸುಮಾರು ಎರಡು ರೂಪಾಯಿ ಬ್ಯಾಂಕಿನವರಿಗೆ ಬಿಡಬೇಕು. ಪಾಯಿಂಟ್ ಹುಟ್ಟೋದು ಹೆಚ್ಚಾಗಿ ಅದರಲ್ಲೇ. ಅಂಗಡಿಯವನು ಆ ಎರಡು ರೂಪಾಯಿನ ಕೈಯಿಂದ ಹಾಕ್ತಾನಾ? ಸಾಮಾನಿನ ಬೆಲೆಗೆ ಸೇರಿಸ್ತಾನೆ. ಆ ಬೆಲೆ ಎಲ್ಲರಿಗೂ ಒಂದೇ. ಮಂಡಕ್ಕಿ ಭಟ್ಟಿಯಲ್ಲಿ ಹೊಗೆ ಕುಡಿದು ದುಡಿದ ನಮ್ಮವ್ವ ನೋಟು ಕೊಟ್ಟು ಸೋಪು ತಗೊಂಡ್ರೂ ಅದೇ ಬೆಲೆ, ಪಾಯಿಂಟ್ ಮಾತ್ರ ಇಲ್ಲ. ಬ್ಯಾಂಕ್ ಖಾತೆಯಿಂದ ಯುಪಿಐ ಮಾಡೋ ನನಗೂ ಇಲ್ಲ. 2020ರ ಜನವರಿಯಿಂದ ಅದಕ್ಕೆ ಅಂಗಡಿಯವನು ಕಟ್ಟೋ ಶುಲ್ಕವೇ ಇಲ್ಲ, ಪಾಯಿಂಟ್ ಎಲ್ಲಿಂದ ಬರ್ಬೇಕು? ಅಮೆರಿಕದ ಬೋಸ್ಟನ್ ಫೆಡರಲ್ ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರು 2010ರಲ್ಲೇ ಅಲ್ಲಿನ ಲೆಕ್ಕ ಹಾಕಿದ್ರು: ನಗದು ಬಳಸೋ ಕುಟುಂಬ ವರ್ಷಕ್ಕೆ ಸರಾಸರಿ 149 ಡಾಲರ್ ಕಳ್ಕೊಂಡ್ರೆ, ಕಾರ್ಡ್ ಬಳಸೋ ಕುಟುಂಬಕ್ಕೆ 1,133 ಡಾಲರ್ ಬರುತ್ತೆ. ಬಡವರ ಜೇಬಿಂದ ಉಳ್ಳವರ ಜೇಬಿಗೆ. ಇದಕ್ಕೆ ಜಾತಿ ಪ್ರಮಾಣಪತ್ರ ಬೇಡ, ಆದಾಯ ಪ್ರಮಾಣಪತ್ರ ಬೇಡ. ಯಾರೂ ಪುಕ್ಕಟೆ ಅನ್ನಲ್ಲ, ಜಾಣತನ ಅಂತಾರೆ.

ನಮ್ಮ ಹುಡುಗನ ಪುಕ್ಕಟೆ ನೋಡಿ. ಇಡೀ ದೇಶಕ್ಕೆ ವರ್ಷಕ್ಕೆ 125 ಸೀಟು. ಮನೆ ಆದಾಯ 8 ಲಕ್ಷದ ಒಳಗಿರಬೇಕು. ವಿಶ್ವದ ಮೊದಲ 500 ರ್‍ಯಾಂಕಿನೊಳಗಿನ ವಿಶ್ವವಿದ್ಯಾಲಯದಲ್ಲಿ ಸೀಟು ಗಳಿಸಿರಬೇಕು. ವಿಮಾನ ಇಕಾನಮಿ, ಅದೂ ಹತ್ತಿರದ ದಾರಿಯಲ್ಲೇ. 2025ರಲ್ಲಿ 106 ಜನರನ್ನ ಆರಿಸಿ ಮೊದಲು 40 ಜನಕ್ಕೆ ಮಾತ್ರ ಪತ್ರ ಕೊಟ್ರು, ಉಳಿದೋರಿಗೆ ಹಣ ಬಂದ್ರೆ ನೋಡೋಣ ಅಂದ್ರು. ಮಾರ್ಕ್ಸ್ ಇಲ್ಲದೆ ಯಾರು ಹೋಗ್ತಾರೆ ಇದರಲ್ಲಿ?

ಬಾಬಾಸಾಹೇಬರು 1901ರಲ್ಲಿ, ಇನ್ನೂ ಬಾಲಕ, ಅಣ್ಣ ಮತ್ತು ಮನೆಯ ಮಕ್ಕಳ ಜೊತೆ ಅಪ್ಪನ್ನ ನೋಡೋಕೆ ಹೊರಟು ಮಸೂರು ಸ್ಟೇಷನ್ನಿನಲ್ಲಿ ಇಳಿದ್ರು. ಜಾತಿ ಗೊತ್ತಾದ ಮೇಲೆ ಯಾವ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆ ಕೊಟ್ಟು, ಗಾಡಿ ತಾವೇ ಹೊಡ್ಕೊಂಡು ಹೋಗ್ಬೇಕಾಯ್ತು. ಗಾಡಿಯವನು ಪಕ್ಕದಲ್ಲಿ ನಡೆದು ಬಂದ. ನಮ್ಮ ಪ್ರಯಾಣದ ಲೆಕ್ಕ ಶುರುವಾಗೋದೇ ಅಲ್ಲಿಂದ.

ಭಾನುವಾರ ಹರಿಹರಕ್ಕೆ ಹೋದೆ. ಹುಡುಗನ್ನ ಕರ್ಕೊಂಡು ಮೈತ್ರಿವನಕ್ಕೆ ಹೋಗಿ ಪ್ರೊ. ಬಿ. ಕೃಷ್ಣಪ್ಪನವರ ಸಮಾಧಿಗೆ ಕೈ ಮುಗಿದು ಬಂದ್ವಿ. ಅವರೂ ಹರಿಹರದೋರೇ. ಮನೇಲಿ ಕೂತು ಅವನ ಮೊಬೈಲಿನಲ್ಲಿ ವಿಮಾನ ಕಂಪನಿಯ ಸದಸ್ಯತ್ವ ಮಾಡಿಸಿದೆ.

"ಇದಕ್ಕೆ ಎಷ್ಟು ಕಟ್ಬೇಕು ದೊಡ್ಡವ್ವ?"

"ಏನೂ ಇಲ್ಲ. ಪಾಸ್‌ಪೋರ್ಟಿನಲ್ಲಿ ಹೆಂಗಿದೆಯೋ ಹಂಗೇ ಹೆಸರು ಹಾಕು ಅಷ್ಟೇ."

ಅವ್ವ ಮೂಲೇಲಿ ಕೂತು ಕೇಳ್ತಿತ್ತು. "ಅಂದ್ರ ಹೋದಷ್ಟು ದೂರನೂ ಲೆಕ್ಕ ಇಟ್ಕಂತಾರಾ?"

"ಹೂಂ ಅವ್ವ."

"ನಾನು ಭಟ್ಟಿಗೆ ನಡೆದದ್ದು ಯಾರ್ ಇಟ್ಟಾರ ಲೆಕ್ಕ?" ಅಂತು.

ಸೋಮವಾರ ಲಂಡನ್ ಟಿಕೆಟಿನ ಪ್ರಿಂಟ್ ಸಾಹುಕಾರರ ಟೇಬಲ್ ಮೇಲಿಟ್ಟು ನಿಂತೆ. "ಸರ್, ಇದಕ್ಕೂ ಬೇರೆಯವರೇ ದುಡ್ಡು ಕಟ್ಟಿರೋದು. ಹೋಗಿಬನ್ನಿ, ನಂದೇನೂ ತಕರಾರಿಲ್ಲ. ನಮ್ಮ ಹುಡುಗನ್ನ ಮಾತ್ರ ಪುಕ್ಕಟೆ ಅನ್ನಬೇಡಿ" ಅಂದೆ. ಕಾಲು ನಡುಗ್ತಿತ್ತು. ಅವರು ಕನ್ನಡಕ ತೆಗೆದು ನೋಡಿದ್ರು, ಪ್ರಿಂಟ್ ಮಡಚಿ ಜೇಬಿಗಿಟ್ಟುಕೊಂಡ್ರು. ಏನೂ ಅನ್ನಲಿಲ್ಲ. ಕೆಲಸ ಇನ್ನೂ ಇದೆ. ಮುಂದೇನೋ ನೋಡೋಣ.

ನಮ್ಮ ಮಕ್ಕಳಿಗೆ ಎರಡು ಮಾತು. ವಿದೇಶಕ್ಕೆ ಓದೋಕೆ ಹೊರಟ್ರೆ ಟಿಕೆಟ್ ಮಾಡಿಸೋ ಮೊದಲೇ ಆ ಕಂಪನಿಯ ಸದಸ್ಯತ್ವ ಮಾಡ್ಕೊಳ್ಳಿ, ನಂಬರ್ ಟಿಕೆಟಿಗೆ ಸೇರಿಸಿ, ಬೋರ್ಡಿಂಗ್ ಪಾಸ್ ಎತ್ತಿಡಿ. ಆದ್ರೆ ಪಾಯಿಂಟಿನ ಆಸೆಗೆ ಕ್ರೆಡಿಟ್ ಕಾರ್ಡಿನ ಸಾಲಕ್ಕೆ ಬೀಳಬೇಡಿ. ಒಂದು ತಿಂಗಳ ಬಾಕಿ ಉಳಿದ್ರೂ ಬಡ್ಡಿ ಪಾಯಿಂಟನ್ನೆಲ್ಲ ನುಂಗುತ್ತೆ.

ಮತ್ತೆ ಯಾರಾದ್ರೂ ಪುಕ್ಕಟೆ ಅಂದ್ರೆ ನನ್ನಂಗೆ ಮೂರು ದಿನ ಕಾಯಬೇಡಿ. ಅಲ್ಲೇ ಹೇಳಿ.

ಜೈ ಭೀಮ್.