ಹದಿನೆಂಟರ ಪತ್ರಿಕಿ

ಲಗ್ನದ್ದಲ್ಲ, ಮುಂಜಿವಿದೂ ಅಲ್ಲ, ಒಂದು ಹುಟ್ಟುಹಬ್ಬದ ಪತ್ರಿಕಿ ಮಾಡ್ಲಿಕ್ಕೆ ನಾ ಒಂದೂವರೆ ತಿಂಗಳು ಕೂತಿದ್ದೆ ಅಂದ್ರ ನಮ್ಮ ಧಾರವಾಡದಾಗ ಯಾರೂ ನಂಬೂದಿಲ್ಲ. "ಬ್ಯಾರೆ ಕೆಲಸ ಇದ್ದಿದ್ದಿಲ್ಲೇನು ನಿನಗ?" ಅಂತ ನಮ್ಮ ವೈನಿ ಫೋನಿನ್ಯಾಗ ಕೇಳಿದ್ರು. ಖರೆ ಹೇಳಬೇಕಂದ್ರ, ಇದ್ದಿದ್ದಿಲ್ಲ.

ನಮ್ಮನಿಯವರು ಮುಗದದ ಭತ್ತದ ಕೇಂದ್ರದಾಗ ಭಾಳ ವರ್ಷ ಇದ್ದವರು. ಆಮ್ಯಾಲೆ ಫಿಲಿಪೈನ್ಸಿನ ಲಾಸ್ ಬಾನ್ಯೋಸ್ ಅನ್ನೋ ಊರಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಗೆ ಮೂರು ವರ್ಷಕ್ಕ ಹೋದ್ರು. 1960ರಾಗ ಶುರು ಆದ ಸಂಸ್ಥೆ ಅದು. 1966ರಾಗ ಐಆರ್ 8 ಭತ್ತ ಬಂದದ್ದು ಅಲ್ಲಿಂದನ. ಅವರಿಗೆ ಭತ್ತ ಇತ್ತು. ಮಗ ಪುಣೇದಾಗ ನೌಕರಿಗೆ ಇದ್ದ. ಮುಂಜಾನೆ ಎಂಟಕ್ಕ ಅವರು ಡಬ್ಬಿ ತೊಗೊಂಡು ಹೋದ್ರಂದ್ರ ಸಂಜಿತನಾ ನಾನು, ಎದುರಿಗೆ ಮಕಿಲಿಂಗ್ ಗುಡ್ಡ, ಮತ್ತ ಮಳಿ.

ಮಾಲಕಿ ಬಾಜೂ ಮನ್ಯಾಗನ ಇದ್ಲು. ಎಲ್ಲಾರೂ ಅಕಿಗೆ 'ಲೋಲಾ' ಅಂತಿದ್ರು, ಅಂದ್ರ ಅಜ್ಜಿ. ಅವರ ಭಾಷಾದಾಗ ದೊಡ್ಡವರ ಜೊತಿ ಮಾತಾಡೋ ಮುಂದ ಮಾತಿಗೊಮ್ಮೆ 'ಪೋ' ಹಚ್ಚತಾರ. ನಾವು 'ರೀ' ಹಚ್ಚೂದಿಲ್ಲೇನು, ಹಂಗ. ಅದನ್ನ ತಿಳಕೊಂಡ ಮ್ಯಾಲ ನನ್ನ ಮುರುಕು ಇಂಗ್ಲಿಷಿಗೂ ಒಂದೊಂದು 'ಪೋ' ಸೇರಿಸಿ ಲೋಲಾನ ಅಡಗಿಮನಿತನಾ ಹೋಗೋವಷ್ಟು ಬಳಕಿ ಆತು. ಅಕಿ ಮೊಮ್ಮಗಳಿಗೆ ಮನ್ಯಾಗ 'ನೆನೆ' ಅಂತಿದ್ರು. ನಾವು ತಂಗಿ, ಪುಟ್ಟಿ ಅಂತೀವಲ್ಲಾ, ಆ ಥರಾ. ಮೊದಲ ಸಲ ಲೋಲಾ "ನೆನೆ, ನೆನೆ" ಅಂತ ಒದರಿದಾಗ ನಾನು ಕಡ್ಲಿ ನೆನೆ ಹಾಕಿದ್ದು ನೆನಪಾಗಿ ಒಳಗ ಓಡಿದ್ದೆ!

ಆ ಹುಡುಗಿಗೆ ಹದಿನೆಂಟು ತುಂಬೋದಿತ್ತು. ಅಲ್ಲಿ ಅದು ಸಣ್ಣ ಮಾತಲ್ಲ ನೋಡ್ರಿ. 'ಡೆಬ್ಯು' ಅಂತಾರ. ಗಂಡುಹುಡುಗರಿಗೆ ಇಪ್ಪತ್ತೊಂದಕ್ಕ ಮಾಡತಾರ, ಆದ್ರ ಅದಕ್ಕ ಇಷ್ಟು ಗದ್ದಲ ಇಲ್ಲ. ಹುಡುಗಿ ದೊಡ್ಡ ಗೌನು ಹಾಕ್ಕೊಂಡು ಬರತಾಳ. ಹದಿನೆಂಟು ಮಂದಿ ಗಂಡಸರು ಒಬ್ಬೊಬ್ಬರಾಗಿ ಒಂದೊಂದು ಗುಲಾಬಿ ಕೊಟ್ಟು ಅಕಿ ಜೊತಿ ಒಂದೊಂದು ಸುತ್ತು ಕುಣೀತಾರ. ಕಾಕಾ, ಮಾಮಾ, ಅಣ್ಣ ತಮ್ಮಂದಿರು, ಕ್ಲಾಸಿನ ಹುಡುಗರು, ಎಲ್ಲಾರೂ. ಹದಿನೆಂಟು ಮಂದಿ ಹೆಣ್ಣುಮಕ್ಕಳು ಒಂದೊಂದು ಮೇಣದಬತ್ತಿ ಹಿಡದು ಅಕಿ ಬಗ್ಗೆ ನಾಲ್ಕು ಮಾತು ಆಡತಾರ. ಕೆಲವರು ಹದಿನೆಂಟು ನೀಲಿ ನೋಟು ಅಂತನೂ ಇಡತಾರ. ಅವರ ಸಾವಿರ ಪೆಸೋದ ನೋಟು ನೀಲಿ. (ಇದನ್ನ ಕೇಳಿ ನಮ್ಮನಿಯವರು "ಭಾಳ ಛಲೋ ಪದ್ಧತಿ, ಆಯೇರಿನಾಗ ಸ್ಟೀಲ್ ಡಬ್ಬಿ ಬರೋದು ತಪ್ಪತದ" ಅಂದ್ರು.) ಗುಲಾಬಿಯವರು, ಮೇಣದಬತ್ತಿಯವರು, ಎಲ್ಲಾರ ಹೆಸರೂ ನಂಬರ್ ಹಚ್ಚಿ ಪತ್ರಿಕಿಯೊಳಗ ಹಾಕಬೇಕು. ಹದಿನೆಂಟನೇ ಗುಲಾಬಿ ಅಂದ್ರ ಕೊನೀ ಕುಣಿತ. ಅದು ಭಾಳ ಮಾನದ್ದು. ಅಪ್ಪಂದಿರಬೇಕು, ಇಲ್ಲಾ ಹುಡುಗಿ ಮನಸಿನ್ಯಾಗ ಇದ್ದವಂದು.

ನಮ್ಮ ಕಡೆ ಲಗ್ನಪತ್ರಿಕ್ಯಾಗ ಹೆಸರು ಮ್ಯಾಲ ಕೆಳಗ ಆತಂತ ವರ್ಷಗಟ್ಟಲೆ ಮಾತು ಬಿಟ್ಟವರನ್ನ ಕಂಡಾಕಿ ನಾನು. ಹಿಂಗಾಗಿ ಲೋಲಾ "ನಿನ್ನ ಕೈ ಕೆಲಸ ಛಲೋ ಅದ, ಪತ್ರಿಕಿ ನೀನ ಮಾಡಿಕೊಡು" ಅಂದಾಗ ನನಗ ಅಂಜಿಕಿ ಆದದ್ದು ಕಾಗದದ್ದಲ್ಲ, ಹೆಸರಿಂದು.

ಮೊದಲು 'ಥೀಮ್' ಆಗಬೇಕು. ಅಕಿ ಗೆಳತ್ಯಾರದು ಒಬ್ಬಾಕಿದು ಮುಖವಾಡದ್ದು, ಒಬ್ಬಾಕಿದು ಚಿಕ್ಕಿ ತುಂಬಿದ ರಾತ್ರಿದು ಆಗಿತ್ತಂತ. ನೆನೆಗೆ ಪ್ಯಾರಿಸ್ ಬೇಕಿತ್ತು. "ನೋಡಿ ಏನು?" ಅಂದೆ. ಇಲ್ಲ ಅಂದ್ಲು. ನಾನೂ ನೋಡಿಲ್ಲ. ನೋಡದವರಿಬ್ಬರು ಕೂತು ಐಫೆಲ್ ಟವರ್ ಕತ್ತರಿಸಿದ್ರ ಕರೆಂಟಿನ ಕಂಬ ಆದೀತು ಅಂತ ನಕ್ಕು ಬಿಟ್ಟಿವಿ.

ಅಲ್ಲಿ ಚರ್ಚಿನ ಮುಂದ ಸಣ್ಣ ಹುಡುಗರು 'ಸಂಪಗೀತಾ' ಹೂವಿನ ಮಾಲಿ ಮಾರತಾರ. ನಮ್ಮ ದುಂಡುಮಲ್ಲಿಗಿನ ಅದು. ಅವರ ರಾಷ್ಟ್ರೀಯ ಹೂವು. ಅವರು ಅದನ್ನ ದೇವರ ಮೂರ್ತಿಗೆ ಹಾಕತಾರ, ಜೀಪ್ನಿ ಗಾಡಿ ಕನ್ನಡಿಗೆ ಇಳಿಬಿಡತಾರ. ನಾನು ಕೊಂಡು ತಂದು ಹೆರಳಿಗೆ ಮುಡಕೊಂಡಿದ್ದೆ. ನೆನೆ ನೋಡಿ ಹೊಟ್ಟಿ ಹಿಡಕೊಂಡು ನಕ್ಕಳು. ಅಕಿಗೆ ಅದು ಗಾಡಿ ಹೂವು. ಆಮ್ಯಾಲೆ ತಾನೂ ಒಂದು ಮಾಲಿ ಕೂದಲಿಗೆ ಸಿಗಸಿಕೊಂಡು ಕನ್ನಡಿ ಮುಂದ ಭಾಳ ಹೊತ್ತು ನಿಂತ್ಲು. ಥೀಮ್ ಆತು.

ಕಾಗದ ತರಲಿಕ್ಕೆ ಮನಿಲಾದ ದಿವಿಸೋರಿಯಾ ಪ್ಯಾಟಿಗೆ ಹೋದಿವಿ. ಹುಬ್ಬಳ್ಳಿ ದುರ್ಗದಬೈಲನ್ನ ಹತ್ತು ಪಟ್ಟು ಮಾಡಿ ಮಳ್ಯಾಗ ತೋಯಿಸಿದ್ರ ಹೆಂಗೋ ಹಂಗ. ಅಬಕಾ ಅಂತ ಬಾಳಿ ಜಾತಿ ಗಿಡದ ನಾರಿನ ಕಾಗದ ಸಿಕ್ಕಿತು. ದಪ್ಪ, ಹಾಲಿನ ಕೆನಿ ಬಣ್ಣ, ಬೆಳಕಿಗೆ ಹಿಡದ್ರ ಎಳಿ ಕಾಣತಾವ. ಅದ ನಾರಿನ್ಯಾಗ ನೇಯ್ದ ಸಿನಮಾಯ್ ಅನ್ನೋ ಜಾಳಜಾಳ ಬಟ್ಟಿನೂ ತೊಗೊಂಡಿವಿ, ಪಟ್ಟಿ ಕತ್ತರಿಸಿ ಕಟ್ಟಲಿಕ್ಕೆ.

ಕೆಲಸ ಹಿಡದಾಗ ಗೊತ್ತಾತು ಬ್ಯಾನಿ. ಕೆನಿ ಬಣ್ಣದ ಮ್ಯಾಲ ಬಿಳಿ ಹೂವು ಕತ್ತರಿಸಿ ಹಚ್ಚಿದ್ರ ಕಾಣಸೂದ ಇಲ್ಲ! ಎಂಟು ಕಾರ್ಡು ಹಾಳಾದ ಮ್ಯಾಲ ಹೂವಿನ ಕೆಳಗ ಎಳೇ ಹಸಿರು ಎಲಿ ಇಟ್ಟೆ, ಆವಾಗ ಎದ್ದು ಬಂತು. ಅಬಕಾ ಕಾಗದದ ಮ್ಯಾಲ ಪ್ರಿಂಟರಿನ ಮಸಿ ಹರಡತದ. ಅದಕ್ಕ ಮಾತುಗಳನ್ನ ಟ್ರೇಸಿಂಗ್ ಕಾಗದದ ಮ್ಯಾಲ ಮುದ್ರಿಸಿ ಮ್ಯಾಲ ಹೊದಿಸೋದು ಅಂತ ಮಾಡಿದಿವಿ. ಟ್ರೇಸಿಂಗ್ ಕಾಗದ ಮಸಿ ಹೀರೂದಿಲ್ಲ, ಕೈ ತಾಗಿದ್ರ ಒರಸಿ ಹೋಗತದ. ಯುನಿವರ್ಸಿಟಿ ಹತ್ರ ಲೇಸರ್ ಪ್ರಿಂಟಿನ ಅಂಗಡಿಗೆ ಓಡಿದಿವಿ. ಅಂಟು ಹಚ್ಚಿದ್ರ ಹಪ್ಪಳದಂಗ ಸೊಟ್ಟ ಆಗತದ. ಕಡೀಕ ಎರಡೂ ಕಡೆ ಅಂಟೋ ಟೇಪು ಮ್ಯಾಲಿನ ಅಂಚಿಗಷ್ಟ ಹಚ್ಚಿ, ಅದು ಕಾಣದಂಗ ಸಿನಮಾಯ್ ಪಟ್ಟಿ ಸುತ್ತಿದೆ. ಐದು ಇಂಚು ಅಗಲ, ಏಳು ಇಂಚು ಉದ್ದ, ಅರವತ್ತು ಕಾರ್ಡು. ಮಳಿ ಹವಾಕ್ಕ ಮುದುಡಬಾರದಂತ ರಾತ್ರಿ ಅಕ್ಕಿ ಚೀಲದ ಕೆಳಗ ಇಡತಿದ್ದೆ.

ಹುಡುಗಿ ಹೆಸರು ಮಾತ್ರ ಹೊದಿಕಿ ಕೆಳಗ, ಅಬಕಾದ ಮ್ಯಾಲ, ನಾನು ಕೈಲೆ ಬರದೆ. ಅರವತ್ತು ಸಲ. ನನಗ ಹದಿನೆಂಟು ತುಂಬಿದ ವರ್ಷ ಪಿಯುಸಿ ರಿಸಲ್ಟ್ ಬಂತು, ಅದರ ಬೆನ್ನಿಗೇ ಲಗ್ನ. ಚಿ. ಕುಂ. ಸೌ. ಅಂತ ನನ್ನ ಹೆಸರು ಅಚ್ಚಿನ್ಯಾಗ ಬಂದದ್ದು ಅದ ಮೊದಲು. ಲಗ್ನದ ದಿನ ತಾಟಿನ್ಯಾಗ ಅಕ್ಕಿ ಹರಡಿ ಉಂಗುರಲೆ ಬ್ಯಾರೆ ಹೆಸರು ಬರದ್ರು. ಮೊದಲಿನ ಹೆಸರಿನಿಂದ ಕರಿಯವರು ಈಗ ಇಬ್ಬರ ಉಳದಾರ. ನೆನೆ ಹೆಸರಿನ ಮೊದಲ ಅಕ್ಷರದ ಬಾಲ ಮಾತ್ರ ನಾನು ಪ್ರತಿ ಕಾರ್ಡಿನ್ಯಾಗೂ ಸ್ವಲ್ಪ ಉದ್ದನ ಎಳದೆ.

ಜಗಳ ಹತ್ತಿದ್ದು ಗುಲಾಬಿ ಯಾದಿಗೆ. ನೆನೆ ಅಪ್ಪ ಹಡಗಿನ್ಯಾಗ ಕೆಲಸಕ್ಕ ಇದ್ದ. ಒಂಬತ್ತು ತಿಂಗಳ ಕರಾರು. ಬದಲಿ ಮನಷಾ ಹಡಗು ಹತ್ತಿದ ಮ್ಯಾಲನ ಇಂವ ಇಳೀಬೇಕು. ಹುಟ್ಟುಹಬ್ಬದ ಹೊತ್ತಿಗೆ ಬಂದ್ರೂ ಬರಬಹುದು. ಲೋಲಾ ಹದಿನೆಂಟನೇ ಸಾಲಿಗೆ ಮಗನ ಹೆಸರು ಹಾಕು ಅಂದ್ಲು. ನೆನೆ ಬ್ಯಾಡ ಅಂದ್ಲು. ಸಾಲಿ ಮುಗದಾಗ ಮೆಡಲು ಹಾಕ್ಲಿಕ್ಕೆ ಅಪ್ಪ ಅವ್ವ ಇಬ್ಬರ ಹೆಸರೂ ಮೈಕಿನ್ಯಾಗ ಕರದಿದ್ರಂತ. ಅವ್ವ ಒಬ್ಬಾಕಿನ ಮ್ಯಾಲ ಹತ್ತಿದ್ಲು.

"ಅಪ್ಪನ ಹೆಸರಿಲ್ಲದ ಪತ್ರಿಕಿ ಕೊಟ್ರ ಅಂವ ಸತ್ತಾನೇನು, ಬಿಟ್ಟು ಹೋಗ್ಯಾನೇನು ಅಂತ ಕೇಳೂದಿಲ್ಲೇನು ಮಂದಿ?" ಲೋಲಾಂದು.

"ಹಾಕಿ, ಅಂವ ಬರದಿದ್ರ? ಮತ್ತ ಎಲ್ಲಾರೂ ಬಾಗಲಾ ನೋಡಬೇಕೇನು?" ಇಕಿದು.

ಅವ್ವ ಬಾಯಿ ಬಿಡಲಿಲ್ಲ. ಹೊರಗಿನಾಕಿ ನಾನು, ಕತ್ತರಿ ಕೈಯಾಗ ಹಿಡಕೊಂಡು ಸುಮ್ಮನ ಕೂತೆ. ಮೂರು ದಿನ ಕೆಲಸ ನಿಂತಿತು. ನಾಕನೇ ದಿನ ನೆನೆ ಬಂದು, ನಂಬರ್ ಇರಲಿ, ಸಾಲು ಖಾಲಿ ಬಿಡ್ರಿ ಅಂದ್ಲು. ಖಾಲಿ ಭಣಭಣ ಅನಸತದ, ಅಲ್ಲೊಂದು ಮೊಗ್ಗು ಹಚ್ಚಲೇನು ಅಂದೆ. "ಬ್ಯಾಡ ಪೋ. ಹೂವು ಹಚ್ಚಿದ್ರ ಅಲಂಕಾರ ಅನಕೋತಾರ." ನನ್ನ ವಯಸ್ಸಿಗೆ ನನಗ ಅದು ಹೊಳಿಲಿಲ್ಲ ನೋಡ್ರಿ.

ಎಲ್ಲಾ ಮುಗದ ಮ್ಯಾಲ ಕಾರ್ಡಿನ ನಾಲ್ಕು ಮೂಲಿಗೆ ಅರಿಷಿಣ ಹಚ್ಚಬೇಕಂತ ನನ್ನ ಕೈ ಭಾಳ ಕಡೀತು. ಲೋಲಾಗ ಹೇಳಿದೆ. ಅಕಿ ತನ್ನ ಕಾರ್ಡು ಮುಂದ ಹಿಡದು "ಇದಕ್ಕ ಹಚ್ಚು" ಅಂದ್ಲು.

ಅಪ್ಪ ಬರಲಿಲ್ಲ. ಬದಲಿ ಮನಷಾ ಸಿಗಲಿಲ್ಲಂತ. ಆ ಸಂಜಿ ಹುಚ್ಚು ಮಳಿ, ಹಾಲಿನ ಪತ್ರಾಸಿನ ಸದ್ದಿನ್ಯಾಗ ಹಾಡು ಸೈತ ಕೇಳಸವಲ್ದು. ಹದಿನೇಳು ಗುಲಾಬಿ ಮುಗದ್ವು. ಯಾದಿ ಓದಾಂವ "ಹದಿನೆಂಟು" ಅಂದು ಕಾರ್ಡು ತಿರುಗಿಸಿ ನೋಡಿದ, ಹಿಂದೇನಾದ್ರೂ ಬರದದೇನೋ ಅಂತ. ನೆನೆ ನೆಟ್ಟಗ ಲೋಲಾನ ಖುರ್ಚಿ ಹತ್ರ ಹೋದ್ಲು. ಲೋಲಾ ಚಿಟ್ಟಿ ರೆಕ್ಕಿಯಂಥಾ ತೋಳಿನ ಹಳೇ ತೆರ್ನೋ ಹಾಕಿದ್ಲು, ಒಂದು ತೋಳು ಮಳಿಗೆ ತೊಯ್ದು ಬಾಗಿತ್ತು. ಕೈಯಾಗ ಗುಲಾಬಿ ಇದ್ದಿದ್ದಿಲ್ಲ. ಮೇಜಿನ ಮ್ಯಾಲಿನ ಸಂಪಗೀತಾ ಮಾಲಿ ಎತ್ತಿಕೊಂಡು ಎದ್ಲು.

ಹನ್ನೊಂದು ದಿನಕ್ಕ ಅಪ್ಪ ಬಂದ. ನಾನು ಲೋಲಾನ ಕತ್ತರಿ ತಿರುಗಿ ಕೊಡಲಿಕ್ಕೆ ಹೋದಾಗ ಅಂವ ಊಟದ ಮೇಜಿಗೆ ಕೂತಿದ್ದ. ಮುಂದ ಅರಿಷಿಣ ಹಚ್ಚಿದ ಕಾರ್ಡು. ಲೋಲಾ ಪೆನ್ನು ಕೊಟ್ಟಿದ್ಲು. ಹದಿನೆಂಟರ ಮುಂದ ತನ್ನ ಹೆಸರು ಬರದ. ಅಕ್ಷರ ಸಾಲು ಬಿಟ್ಟು ಕೆಳಗಿಳದಿದ್ವು. ಅಂವ ಕಾರ್ಡು ಮುಚ್ಚಲಿಕ್ಕೆ ಹೋದ, ನಾನು "ಮುಟ್ಟಬ್ಯಾಡ್ರಿ!" ಅಂತ ಕನ್ನಡದಾಗನ ಒದರಿದೆ. ಟ್ರೇಸಿಂಗ್ ಕಾಗದ ಅಲ್ಲೇನು, ಮಸಿ ಒರಸಿ ಹೋಗತಿತ್ತು. ಅಂವ ಕೈ ಎತ್ತಿ ಹಿಡಕೊಂಡ. ನೆನೆ ಬಗ್ಗಿ ಉಫ್ ಉಫ್ ಅಂತ ಊದಲಿಕ್ಕೆ ಹತ್ತಿದ್ಲು. ಮಳಿ ಹವಾ, ಲಗೂ ಆರವಲ್ದು. ನಾವು ನಾಲ್ಕೂ ಮಂದಿ ಅದನ್ನ ನೋಡಕೋತ ಕೂತಿವಿ, ಲೋಲಾ ಒಳಗ ಹೋಗಿ ಕಾಫಿಗೆ ನೀರಿಟ್ಟು ಬರೂತನಾ.