ಅಚ್ಚು ಒಂದೇ, ಬಣ್ಣ ಅವರವರದು

ಅಚ್ಚು ಎಂಬುದು ನಮ್ಮ ಮನೆಗಳಿಗೆ ಹೊಸ ಮಾತಲ್ಲ. ಅಂಗಳದಲ್ಲಿ ರಂಗೋಲಿಯ ಅಚ್ಚನ್ನು ಒತ್ತಿ, ಮೂಡಿದ ಗೆರೆಗಳ ನಡುವೆ ಬಣ್ಣದ ಪುಡಿ ತುಂಬುವ ತಾಯಂದಿರನ್ನು ನಾವೆಲ್ಲರೂ ಕಂಡಿದ್ದೇವೆ. ಶಾಲೆಯಲ್ಲಿ ಭೂಗೋಳದ ಗುರುಗಳು ಭಾರತದ ನಕಾಶೆಯ ರಬ್ಬರ್ ಸಿಕ್ಕಾ ತಂದು ಪ್ರತಿಯೊಬ್ಬರ ವಹಿಯಲ್ಲಿ ಒತ್ತಿ ಕೊಟ್ಟರೆ, ನದಿಗಳಿಗೆ ನೀಲಿ, ಬೆಟ್ಟಗಳಿಗೆ ಕಂದು ಎಂದು ಬಣ್ಣದ ಪೆನ್ಸಿಲ್ಲಿನಿಂದ ತೀಡುತ್ತಿದ್ದ ನೆನಪು ನನ್ನ ವಯಸ್ಸಿನವರಿಗೆ ಇದ್ದೇ ಇದೆ. ವಿಜಯಪುರವಂತೂ ಅಚ್ಚಿನ ಹಿರಿಮೆಯನ್ನು ಬಲ್ಲ ಊರು. ಪೂಜ್ಯ ಫ. ಗು. ಹಳಕಟ್ಟಿಯವರು 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದ್ದು ಈ ನಗರದಲ್ಲಿಯೇ. ಕಟ್ಟಿನೊಳಗೆ ಅಡಗಿದ್ದ ಓಲೆಗರಿಯ ಮಾತು ಅಚ್ಚಿನ ಮೂಲಕವೇ ಮನೆಮನೆಯನ್ನು ಮುಟ್ಟಿತು.

ಅಚ್ಚಿನ ಗುಣವೇ ಸಮತೆ. ಬಡವರ ಹಾಳೆಗೂ ಬಲ್ಲಿದರ ಹಾಳೆಗೂ ಅದು ಒಂದೇ ಗೆರೆಯನ್ನು ಕೊಡುತ್ತದೆ. ಗೆರೆಯೊಳಗಿನ ಬಣ್ಣ ಮಾತ್ರ ತುಂಬುವವರ ಕೈಯಲ್ಲಿರುತ್ತದೆ. ಆ ಬಣ್ಣದ ಕುರಿತು ಈ ತಿಂಗಳು ಶರಣ ಬಂಧುಗಳೊಡನೆ ನಾಲ್ಕು ಮಾತು ಹಂಚಿಕೊಳ್ಳಬೇಕೆನಿಸಿದೆ.

ಬಾಲ್ಯದಲ್ಲಿ ಮಠದ ಪ್ರಸಾದ ನಿಲಯದಲ್ಲಿದ್ದು ಓದಿ, ಆಮೇಲೆ ಕನ್ನಡ ಮತ್ತು ಸಂಸ್ಕೃತಗಳ ಪಾಠ ಹೇಳುತ್ತ ನನ್ನ ಆಯುಷ್ಯದ ಬಹುಭಾಗ ಕಳೆಯಿತು. ಈಗ ಅರವತ್ತು ದಾಟಿದ ಮೇಲೆ ಭಾನುವಾರಗಳಂದು ನಗರದ ನಮ್ಮ ಮನೆಯಲ್ಲಿ ಓಣಿಯ ಮಕ್ಕಳು ಸೇರುತ್ತಾರೆ. ಬೇಸಿಗೆಯ ರಜೆಯಲ್ಲಿ, ಈಗ ತಾಲ್ಲೂಕು ಕೇಂದ್ರಗಳಾಗಿರುವ ತಿಕೋಟಾ ಮತ್ತು ಬಬಲೇಶ್ವರಗಳಲ್ಲಿ ಪರಿಚಿತರ ಮನೆಯ ಪಡಸಾಲೆಯೇ ನಮ್ಮ ಪಾಠಶಾಲೆ. ಬರಿಯ ಬಾಯಿಪಾಠದಿಂದ ಮಕ್ಕಳು ಬೇಸರಗೊಳ್ಳುತ್ತಾರೆಂದು ಹನ್ನೆರಡು ರಬ್ಬರ್ ಸಿಕ್ಕಾಗಳನ್ನು ಮಾಡಿಸಿದ್ದೇನೆ. ದ್ರಾಕ್ಷಿಯ ಗೊಂಚಲು, ಎತ್ತಿನ ಜೋಡಿ, ಗೋಳಗುಮ್ಮಟ ಮುಂತಾದವುಗಳ ಜೊತೆಗೆ ಕಾಯಕನಿರತ ಶರಣರ ಕೆಲವು ಚಿತ್ರಗಳೂ ಅವುಗಳಲ್ಲಿವೆ. ಹಾಳೆಯ ಮೇಲೆ ಸಿಕ್ಕಾ ಒತ್ತಿ ಕೊಟ್ಟರೆ ಮಕ್ಕಳು ಬಣ್ಣ ತುಂಬುತ್ತಾರೆ. ನಾನು ಅದರ ಕಥೆ ಹೇಳುತ್ತೇನೆ.

ಈ ಕೆಲಸ ಸುಲಭವೆಂದು ತೋರಿದರೂ ಅದಕ್ಕೊಂದು ಕ್ರಮವಿದೆ. ಸಿಕ್ಕಾದ ಸಾಮಾನ್ಯ ಮಸಿ ಬೇಗ ಆರುವುದಿಲ್ಲ. ಒತ್ತಿದ ಕೂಡಲೇ ಕೈಯಾಡಿಸಿದರೆ ಗೆರೆ ಕದಡಿ ಬಣ್ಣವೆಲ್ಲ ಮಲಿನವಾಗುತ್ತದೆ. ಆದ್ದರಿಂದ ಹಿಂದಿನ ದಿನವೇ ಒತ್ತಿ ಆರಲು ಬಿಡುವುದು ಲೇಸು. ಕಾಗದ ತುಸು ದಪ್ಪಗೆ, ಮೈ ತುಸು ತರಿತರಿಯಾಗಿ ಇರಬೇಕು. ನುಣುಪು ಕಾಗದದ ಮೇಲೆ ಬಣ್ಣ ನಿಲ್ಲದು. ಬಣ್ಣದ ಪೆನ್ಸಿಲ್ಲಿನ ಒಳಗಡ್ಡಿಯಲ್ಲಿ ಬಣ್ಣದ ಪುಡಿಯ ಜೊತೆಗೆ ಜೇಡಿಯಂತಹ ಬಿಳಿಪುಡಿ, ಅಂಟು ಮತ್ತು ಮೇಣ ಸೇರಿರುತ್ತವೆ. ಒತ್ತಿ ತಿಕ್ಕಿದರೆ ಆ ಮೇಣ ಕಾಗದದ ಸಣ್ಣ ಕುಳಿಗಳನ್ನೆಲ್ಲ ತುಂಬಿಬಿಡುತ್ತದೆ. ಆ ಬಳಿಕ ಮತ್ತೊಂದು ಬಣ್ಣ ಅದರ ಮೇಲೆ ಹಿಡಿಯುವುದಿಲ್ಲ. ರಬ್ಬರಿನಿಂದ ಅಳಿಸಿದರೂ ಪೂರ್ತಿ ಹೋಗುವುದಿಲ್ಲ. ಹಗುರವಾದ ಕೈಯಿಂದ, ಸಣ್ಣ ಸಣ್ಣ ಸುತ್ತುಗಳಲ್ಲಿ, ತಿಳಿಬಣ್ಣದಿಂದ ಆರಂಭಿಸಿ ಗಾಢಬಣ್ಣದ ಕಡೆಗೆ ಪದರ ಪದರವಾಗಿ ಏರಿಸುತ್ತ ಹೋಗಬೇಕು. ನೆರಳಿಗೆ ಕಪ್ಪನ್ನೇ ಬಳಿಯಬೇಕೆಂದಿಲ್ಲ. ನೀಲಿಯ ಅಥವಾ ನೇರಳೆಯ ಒಂದು ಪದರ ಕೊಟ್ಟರೆ ನೆರಳು ಜೀವಂತವಾಗಿರುತ್ತದೆ. ಪದರಗಳು ಒಂದರೊಳಗೊಂದು ಬೆರೆಯಬೇಕಾದರೆ ಕೊನೆಗೆ ತಿಳಿಬಣ್ಣದ ಪೆನ್ಸಿಲ್ಲಿನಿಂದ ಮೇಲೆ ಒತ್ತಿ ಉಜ್ಜಬೇಕು. ಹಿರಿಯರು ಹತ್ತಿರವಿದ್ದಲ್ಲಿ, ಕಡ್ಡಿಗೆ ಸುತ್ತಿದ ಹತ್ತಿಗೆ ಒಂದು ಹನಿ ಟರ್ಪೆಂಟೈನ್ ತಾಗಿಸಿ ಸವರಿದರೂ ಮೇಣ ಮೆತ್ತಗಾಗಿ ಬಣ್ಣಗಳು ಕೂಡಿಕೊಳ್ಳುತ್ತವೆ.

ಈ ಕ್ರಮವನ್ನು ನಾನು ಮಕ್ಕಳಿಗೆ ಹೇಳಿಕೊಟ್ಟೆ. ಬಣ್ಣವನ್ನು ನೋಡುವುದು ಹೇಗೆಂಬುದನ್ನು ಮಕ್ಕಳೇ ನನಗೆ ತೋರಿಸಿದರು. ತಿಕೋಟಾ ಸೀಮೆ ದ್ರಾಕ್ಷಿಯ ಸೀಮೆ. ಏಪ್ರಿಲ್ಲಿನಲ್ಲಿ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ಚಾಟ್ನಿ ಮಾಡಿ, ಫೆಬ್ರವರಿ ಮಾರ್ಚಿನ ಹೊತ್ತಿಗೆ ಹಣ್ಣು ಕೊಯ್ದು, ಹೆಚ್ಚಿನ ಪಾಲನ್ನು ಬಲೆಗಳ ಮೇಲೆ ಹರವಿ ಒಣದ್ರಾಕ್ಷಿ ಮಾಡುವ ಊರುಗಳು ಅವು. ಅಲ್ಲಿ ದ್ರಾಕ್ಷಿಯ ಗೊಂಚಲಿನ ಸಿಕ್ಕಾ ಒತ್ತಿ ಕೊಟ್ಟಾಗ ಮಕ್ಕಳಲ್ಲಿ ಹಲವರು ಎಲ್ಲ ಕಾಳುಗಳಿಗೂ ಒಂದೇ ಹಸಿರು ತುಂಬಿದರು. ತೋಟದ ಕೂಲಿಗೆ ಹೋಗುವ ತಾಯಿಯ ಮಗಳೊಬ್ಬಳು ಮಾತ್ರ ಗೊಂಚಲಿನ ಒಂದು ಪಾರ್ಶ್ವಕ್ಕೆ ಮೊದಲು ಹಳದಿ, ಅದರ ಮೇಲೆ ತೆಳುವಾಗಿ ಹಸಿರು, ಅಲ್ಲಲ್ಲಿ ಕಂದಿನ ಛಾಯೆ ಹಾಕುತ್ತಿದ್ದಳು. ಏಕೆಂದು ಕೇಳಿದರೆ, “ಅಜ್ಜಾರ, ಬಿಸಿಲ ಬಿದ್ದ ಮಗ್ಗಲದ ಹಣ್ಣ ಹಳದಿ ಆಗ್ತಾವ್ರಿ. ಎಲಿ ನೆರಳಾಗಿನವು ಹಸರ ಉಳಿತಾವ್ರಿ” ಎಂದಳು. ಬಿಸಿಲು ಬಣ್ಣವನ್ನು ಬದಲಿಸುತ್ತದೆ ಎಂಬುದು ಆ ಮಗುವಿಗೆ ಕಣ್ಣಾರೆ ಕಂಡ ಸತ್ಯ.

ಹಣ್ಣಿನ ವಿಷಯದಲ್ಲಿ ಯಾರೂ ತಕರಾರು ಮಾಡದೆ ಒಪ್ಪುವ ಈ ಸತ್ಯ, ಮನುಷ್ಯರ ಮೈಬಣ್ಣಕ್ಕೆ ಬಂದೊಡನೆ ಕಹಿಯಾಗುವುದೇಕೆ? ಬಣ್ಣದ ಕೆಲವು ಪೆಟ್ಟಿಗೆಗಳಲ್ಲಿ ತಿಳಿಗೆಂಪು ಮಿಶ್ರಿತ ಬಿಳುಪಿನ ಒಂದು ಕಡ್ಡಿಗೆ ‘ಸ್ಕಿನ್’ ಎಂದು, ಎಂದರೆ ಚರ್ಮದ ಬಣ್ಣವೆಂದು ಬಹುಕಾಲ ಹೆಸರಿತ್ತು. ಮಕ್ಕಳ ಬಾಯಲ್ಲಿ ಇಂದಿಗೂ ಅದೇ ಹೆಸರಿದೆ. ಅಮೆರಿಕದಲ್ಲಿಯೂ ಕ್ರೇಯೋಲಾ ಎಂಬ ಕಂಪನಿಯ ಬಣ್ಣದ ಕಡ್ಡಿಗಳಲ್ಲಿ ಇಂತಹುದೇ ಹೆಸರಿದ್ದು, 1962ರಲ್ಲಿ ಅದನ್ನು ತೆಗೆದು ಪೀಚ್ ಹಣ್ಣಿನ ಹೆಸರಿಟ್ಟರು. ನಮ್ಮ ಪಡಸಾಲೆಯಲ್ಲಿ ಕುಳಿತ ಇಪ್ಪತ್ತು ಮಕ್ಕಳಲ್ಲಿ ಒಬ್ಬರ ತೋಳಿನ ಬಣ್ಣವೂ ಆ ಕಡ್ಡಿಯ ಬಣ್ಣವಲ್ಲ. ಆದರೂ ಮನುಷ್ಯನ ಮುಖ ಬಂದೊಡನೆ ಎಲ್ಲರ ಕೈಯೂ ಅದರತ್ತಲೇ ಹೋಗುತ್ತದೆ.

ಚಿತ್ರಕಲೆಯನ್ನು ಬಲ್ಲವರು ಮೈಬಣ್ಣವನ್ನು ಒಂದೇ ಕುಂಚದ ಒಂದೇ ಬಣ್ಣದಿಂದ ತುಂಬಿದವರಲ್ಲ. ಇದೇ ವಿಜಯಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹನ ಆಳಿಕೆಯಲ್ಲಿ, 1580ರಿಂದ 1627ರವರೆಗೆ, ಸೂಕ್ಷ್ಮಚಿತ್ರಕಲೆ ಅರಳಿತು. ಅಂತಹ ಚಿತ್ರಗಳಲ್ಲಿ ತೆಳುವಾದ ಬಣ್ಣವನ್ನು ಪದರದ ಮೇಲೆ ಪದರವಾಗಿ ಕೊಟ್ಟು, ನುಣುಪಾದ ಕಲ್ಲಿನಿಂದ ಉಜ್ಜಿ ಕಾಂತಿ ತರುವುದು ರೂಢಿ. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮ ಮುದ್ರಣಾಲಯದಲ್ಲಿಯೂ ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲನ್ನು ಸಿದ್ಧಪಡಿಸಿ, ಒಂದರ ಮೇಲೊಂದು ಒತ್ತಿ ಚಿತ್ರವನ್ನು ಪೂರ್ಣಗೊಳಿಸುತ್ತಿದ್ದರು. ಆ ಮುದ್ರಣಾಲಯದ ಚಿತ್ರಗಳೂ ಅವುಗಳನ್ನು ಅನುಸರಿಸಿದ ಪಂಚಾಂಗದ ಚಿತ್ರಗಳೂ ನಮ್ಮ ಗೋಡೆಗಳನ್ನು ಅಲಂಕರಿಸಿದುವು. ಜೊತೆಗೆ, ಪೂಜ್ಯರಾದವರ ಮೈ ಬೆಳ್ಳಗಿರಲೇಬೇಕೆಂಬ ಎಣಿಕೆಯೂ ನಮ್ಮ ಕಣ್ಣಿನಲ್ಲಿ ಬೇರೂರಿತು.

ಈ ಎಣಿಕೆ ಚಿತ್ರಪಟದಲ್ಲಿಯೇ ಉಳಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಅದು ನಮ್ಮ ಮನೆಯೊಳಗೂ ಬಂದಿತ್ತು. ನನ್ನ ಅಕ್ಕನದು ಎಣ್ಣೆಗಪ್ಪು ಮೈಬಣ್ಣ. 1974ರಲ್ಲಿ ಆಕೆಯ ಮದುವೆಯ ಮಾತು ನಡೆದಿದ್ದಾಗ ಅಪ್ಪ ಆಕೆಯನ್ನು ನಗರದ ಒಂದು ಸ್ಟುಡಿಯೋಕ್ಕೆ ಕರೆದೊಯ್ದು ಫೋಟೋ ತೆಗೆಸಿದರು. ಆಗಿನವು ಕಪ್ಪು ಬಿಳುಪಿನ ಫೋಟೋಗಳು. ಅವುಗಳ ನೆಗೆಟಿವ್‌ನಲ್ಲಿ ಬೆಳಕು ಕತ್ತಲೆಗಳು ತಿರುವುಮುರುವಾಗಿರುತ್ತವೆ. ಆದ್ದರಿಂದ ಅದರ ಮೇಲೆ ಮೊನಚಾದ ಪೆನ್ಸಿಲ್ಲಿನಿಂದ ನವಿರಾಗಿ ತೀಡಿ ಕಪ್ಪಾಗಿಸಿದ ಜಾಗ, ಕಾಗದದ ಮೇಲೆ ಬೆಳ್ಳಗಾಗಿ ಮೂಡುತ್ತದೆ. ಅಕ್ಕನ ಮುಖಕ್ಕೂ ಹಾಗೆಯೇ ಮಾಡಿದರು. ಫೋಟೋ ನೋಡಿ ಮೆಚ್ಚಿ ಬಂದ ಗಂಡಿನವರು, ಫಲಾಹಾರದ ತಟ್ಟೆ ಹಿಡಿದು ಬಂದ ಅಕ್ಕನನ್ನು ನೋಡಿದರು, ಮತ್ತೆ ಫೋಟೋ ನೋಡಿದರು, ನೀರು ಕುಡಿದು ಎದ್ದು ಹೋದರು. ಇಂತಹುದು ಮೂರು ಸಲ ನಡೆಯಿತು. ಮೂರನೆಯ ಸಲ ಅಕ್ಕ ಅಪ್ಪನಿಗೆ ಹೇಳಿದ ಮಾತು ಐವತ್ತು ವರ್ಷಗಳ ಮೇಲೂ ನನ್ನ ಕಿವಿಯಲ್ಲಿದೆ: “ಆ ಫೋಟೋದಾಗಿನಾಕಿಗೆ ವರಾ ಹುಡುಕಪಾ, ನನಗ ಬ್ಯಾಡ.”

ಮುಂದೆ ಬಬಲೇಶ್ವರದ ಕಡೆಯ ಒಕ್ಕಲು ಮನೆತನದವರು, ಫೋಟೋ ಕೇಳದೆ, ಹೊಲದಲ್ಲಿ ದುಡಿಯುತ್ತಿದ್ದ ಆಕೆಯನ್ನೇ ನೋಡಿ ಒಪ್ಪಿ ಸೊಸೆಯಾಗಿ ಮಾಡಿಕೊಂಡರು. ಆಕೆ ತುಂಬಿದ ಮನೆಯ ಒಡತಿಯಾಗಿ ಬಾಳಿದಳು. ಆದರೆ ಮನೆಯ ಯಾವ ಮದುವೆಯಲ್ಲಿಯೂ ಫೋಟೋಕ್ಕೆ ಮುಂದೆ ಬಂದು ನಿಲ್ಲಲಿಲ್ಲ.

ಕಳೆದ ಬೇಸಿಗೆಯಲ್ಲಿ ಬಬಲೇಶ್ವರದಲ್ಲಿ ನುಲಿಯ ಚಂದಯ್ಯನವರ ಚಿತ್ರದ ಸಿಕ್ಕಾ ಒತ್ತಿ ಮಕ್ಕಳಿಗೆ ಕೊಟ್ಟಿದ್ದೆ. ಹುಲ್ಲು ಕೊಯ್ದು ತಂದು ಹಗ್ಗ ಹೊಸೆಯುತ್ತಿದ್ದ ಶರಣರು ಅವರು. ಹುಲ್ಲು ಕೊಯ್ಯುವಾಗ ಲಿಂಗವು ಕೆರೆಗೆ ಜಾರಿದರೂ ಕಾಯಕವನ್ನು ನಿಲ್ಲಿಸಲಿಲ್ಲವೆಂಬ ಕಥೆ ನಮ್ಮಲ್ಲಿ ಮನೆಮಾತು. ಹತ್ತು ವರ್ಷದ ಹುಡುಗನೊಬ್ಬ ಚಂದಯ್ಯನವರ ಮೈಗೆ ಗಾಢವಾದ ಕಂದುಬಣ್ಣವನ್ನು ಬಹಳ ಶ್ರದ್ಧೆಯಿಂದ ತುಂಬಿದ್ದ. ನೋಡಲು ಬಂದ ಹಿರಿಯರೊಬ್ಬರು, “ಶರಣರಿಗೆ ಇಷ್ಟ ಕಪ್ಪ ಬಣ್ಣ ಹಚ್ಚತಾರೇನೋ ತಮ್ಮಾ? ಮುಖದಾಗ ತೇಜ ಇರಬೇಕಲ್ಲ” ಎಂದರು. ಅವರದು ದುರುದ್ದೇಶದ ಮಾತಲ್ಲ, ಭಕ್ತಿಯ ಮಾತೇ. ಹುಡುಗ ಏನೂ ಹೇಳದೆ ಬಿಳಿಯ ಪೆನ್ಸಿಲ್ ತೆಗೆದುಕೊಂಡು ಮುಖದ ಮೇಲೆ ಬಲವಾಗಿ ತಿಕ್ಕತೊಡಗಿದ. ಬಣ್ಣ ಬೆಳ್ಳಗಾಗಲಿಲ್ಲ, ಮಂಕಾಗಿ ಬೂದಿಯಂತಾಯಿತು. ನಾನು ಹತ್ತಿರ ಹೋದಾಗ, “ನಮ್ಮಪ್ಪನ ಬಣ್ಣಾನ ಹಚ್ಚಿದ್ನಿರಿ” ಎಂದು ತಲೆ ತಗ್ಗಿಸಿದ. ಆತನ ತಂದೆ ದಿನವಿಡೀ ಬಿಸಿಲಿನಲ್ಲಿ ಗಾರೆಯ ಕೆಲಸ ಮಾಡುವವರು.

ಹನ್ನೆರಡನೆಯ ಶತಮಾನದ ಶರಣರನ್ನು ಎದುರಿಗೆ ಕುಳ್ಳಿರಿಸಿಕೊಂಡು ಬರೆದ ಚಿತ್ರ ಒಂದೂ ನಮಗೆ ದೊರೆತಿಲ್ಲ. 2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಬಸವಣ್ಣನವರನ್ನು ನಾಡಿನ ಸಾಂಸ್ಕೃತಿಕ ನಾಯಕರೆಂದು ಘೋಷಿಸಿದಾಗ, ನಮ್ಮ ಜಿಲ್ಲೆಯವರೇ ಆದ ಅವರ ಭಾವಚಿತ್ರ ಕಚೇರಿ ಕಚೇರಿಗಳಿಗೆ ಬಂದುದು ಸಂತೋಷದ ಸಂಗತಿ. ಅದೂ ಕಲಾವಿದರ ಭಕ್ತಿಯ ಕಲ್ಪನೆಯೇ. ಕಲ್ಪಿಸಲೇಬೇಕಾದಲ್ಲಿ ಕಾಯಕವನ್ನೂ ನೆನೆದು ಕಲ್ಪಿಸಬೇಡವೇ? ಕೆರೆಯ ನೀರಿನಲ್ಲಿ ನಿಂತು ಹುಲ್ಲು ಕೊಯ್ದ ಚಂದಯ್ಯನವರನ್ನು, ದೋಣಿ ನಡೆಸಿದ ಚೌಡಯ್ಯನವರನ್ನು, ಚೆಲ್ಲಿದ ಅಕ್ಕಿ ಆಯ್ದು ತಂದ ಮಾರಯ್ಯನವರನ್ನು ಬಿಸಿಲು ಬಿಟ್ಟೀತೆ?

ಆದರೆ ಹಿರಿಯರು ಹೇಳಿದ ತೇಜದ ಮಾತನ್ನು ನಾನು ತಳ್ಳಿಹಾಕಲಿಲ್ಲ. ಹೊಸ ಹಾಳೆಯೊಂದರ ಮೇಲೆ ಆರಿದ್ದ ಅಚ್ಚನ್ನು ತೆಗೆದು ಇಬ್ಬರ ನಡುವೆ ಇಟ್ಟು, ತೇಜವನ್ನು ತರುವ ಬಗೆಯನ್ನು ಹುಡುಗನ ಕೈಯಿಂದಲೇ ಮಾಡಿಸಿದೆ. ಮೊದಲು ಹಳದಿ, ಅದರ ಮೇಲೆ ತೆಳುವಾದ ಕೆಂಪು, ಆಮೇಲೆ ಕಂದು, ಕುತ್ತಿಗೆಯ ಕೆಳಗೆ ಮತ್ತು ಕಣ್ಣಿನ ಕುಳಿಯಲ್ಲಿ ನೀಲಿಯ ನೆರಳು. ಹಣೆಯ ನಡುವೆ, ಮೂಗಿನ ಏಣಿನ ಮೇಲೆ, ಭುಜದ ದುಂಡಿನ ಮೇಲೆ ಮಾತ್ರ ಒತ್ತದೆ, ಕಾಗದದ ಬೆಳಕನ್ನು ಹಾಗೆಯೇ ಬಿಡಬೇಕು. ಸುತ್ತಲಿನ ಬಣ್ಣ ಗಾಢವಾದಷ್ಟೂ ಆ ಬೆಳಕು ಹೆಚ್ಚು ಹೊಳೆಯುತ್ತದೆ. ವಿಭೂತಿಯ ಮೂರು ಗೆರೆಗಳಿಗೆಂದು ಬಿಟ್ಟಿದ್ದ ಬಿಳಿಯ ಜಾಗ ಆ ಕಂದು ಹಣೆಯ ಮೇಲೆ ಎದ್ದು ಕಂಡಿತು. ತಿಳಿಯಾದ ‘ಸ್ಕಿನ್’ ಬಣ್ಣದ ಹಣೆಗಳಲ್ಲಿ ವಿಭೂತಿ ಕಾಣುತ್ತಲೇ ಇರಲಿಲ್ಲ. ಹಿರಿಯರು ಕನ್ನಡಕ ಹಾಕಿಕೊಂಡು ಎರಡೂ ಬಗೆಯ ಹಾಳೆಗಳನ್ನು ಬಹಳ ಹೊತ್ತು ನೋಡಿದರು. “ನಮ್ಮ ಮನ್ಯಾಗಿನ ಫೋಟೋ ಹಿಂಗಿಲ್ರಿ” ಎಂದಷ್ಟೇ ಹೇಳಿ, ಹುಡುಗನ ಹಾಳೆಯನ್ನು ಆತನ ಕೈಗೆ ಜೋಪಾನವಾಗಿ ಮರಳಿಸಿ ಹೋದರು. ಅವರ ಮನಸ್ಸು ಪೂರ್ಣ ಬದಲಾಯಿತೆಂದು ನಾನು ಹೇಳಲಾರೆ. ಹುಡುಗನ ತಲೆ ಮಾತ್ರ ಮೇಲೆದ್ದಿತ್ತು.

ಬಂಧುಗಳೇ, ತೇಜವು ಬಿಳುಪಿನಲ್ಲಿಲ್ಲ. ಬೆಳಕನ್ನು ಎಲ್ಲಿ ಉಳಿಸಿಕೊಂಡೆವೆಂಬುದರಲ್ಲಿದೆ. ಇದು ಪೆನ್ಸಿಲ್ಲಿನ ಕೆಲಸಕ್ಕೂ ಸತ್ಯ, ಬಾಳಿಗೂ ಸತ್ಯ. ನಮ್ಮ ಸಮಾಜದ ವಧೂವರರ ಪ್ರಕಟಣೆಗಳಲ್ಲಿ ‘ಗೌರವರ್ಣದ ಕನ್ಯೆ ಬೇಕು’ ಎಂಬ ಸಾಲು ಇನ್ನೂ ಕಾಣಸಿಗುತ್ತದೆ. ಕಾಯಕವೇ ದೊಡ್ಡದೆಂದು ಸಭೆಗಳಲ್ಲಿ ಸಾರುವ ನಾವು, ಕಾಯಕವು ಮೈಮೇಲೆ ಬಿಟ್ಟ ಬಣ್ಣವನ್ನು ಮನೆಗೆ ಬರಮಾಡಿಕೊಳ್ಳಲು ಹಿಂಜರಿಯುವುದು ತರವೇ? ಮುಂದಿನ ಸಲ ಅಂತಹ ಪ್ರಕಟಣೆ ಬರೆದು ಕಳಿಸುವವರು ಆ ಒಂದು ಪದವನ್ನು ಬಿಟ್ಟು ಬರೆಯಲಿ.

ಮನೆಯ ಮಕ್ಕಳಿಗೆ ಹನ್ನೆರಡು ಬಣ್ಣಗಳ ಒಂದು ಪೆಟ್ಟಿಗೆ, ತುಸು ದಪ್ಪ ಕಾಗದ, ಒಂದೆರಡು ಸಿಕ್ಕಾ ಕೊಡಿಸಿರಿ. ಅವರ ಜೊತೆ ನೀವೂ ಕುಳಿತುಕೊಳ್ಳಿರಿ. ಮುಖಕ್ಕೆ ಬಣ್ಣ ತುಂಬುವ ಮೊದಲು ನಿಮ್ಮ ತೋಳನ್ನು ಹಾಳೆಯ ಪಕ್ಕದಲ್ಲಿಟ್ಟು, “ಈ ಬಣ್ಣವನ್ನು ಯಾವ ಯಾವ ಕಡ್ಡಿಗಳಿಂದ ಮಾಡುತ್ತೀ, ನೋಡೋಣ” ಎಂದು ಕೇಳಿರಿ. ಮಗು ಮೊದಲ ಬಾರಿಗೆ ನಿಮ್ಮ ಮೈಬಣ್ಣವನ್ನು ಗಮನವಿಟ್ಟು, ಪ್ರೀತಿಯಿಂದ ನೋಡುತ್ತದೆ. ನಮ್ಮ ಅಕ್ಕನನ್ನು ಹಾಗೆ ನೋಡಿದವರು ಆಕೆಯ ಎಳೆಯ ಪ್ರಾಯದಲ್ಲಿ ಬಹಳ ಮಂದಿ ಇರಲಿಲ್ಲ.